ಬಸುರಿಯಲ್ಲಿ ಥೈರಾಯ್ಡ್ ಮತ್ತು ಶುಗರ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಸುರಿ ಅಂತ ಗೊತ್ತಾದ ಕೂಡಲೇ ಬರೆದುಕೊಡುವ ರಕ್ತಪರೀಕ್ಷೆಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಟಿಎಸ್‌ಎಚ್ (ಥೈರಾಯ್ಡಿಗೆ "ಕೆಲಸ ಮಾಡು" ಅಂತ ಹೇಳುವ ಹಾರ್ಮೋನು, ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಸಾಮಾನ್ಯವಾಗಿ ಇದು ಏರುತ್ತದೆ), ಶುಗರ್ ಎರಡೂ ಇರುತ್ತವೆ. ರಿಪೋರ್ಟಿನಲ್ಲಿ ಒಂದು ಅಂಕಿ ದಪ್ಪ ಅಕ್ಷರದಲ್ಲಿ ಕಂಡರೆ ಸಾಕು, ಕೆಲವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಇನ್ನು ಕೆಲವರು "ಬಾರ್ಡರ್‌ನಲ್ಲಿದೆ ಅಷ್ಟೇ" ಅಂತ ಅದನ್ನು ಮಡಚಿ ತಾಯಿ ಕಾರ್ಡಿನೊಳಗೆ ಇಟ್ಟು ಮರೆತುಬಿಡುತ್ತಾರೆ. ಎರಡೂ ಬೇಡ. ಇವು ಹಿಡಿತಕ್ಕೆ ಸಿಗುವ ತೊಂದರೆಗಳು, ಆದರೆ ಟೆಸ್ಟ್ ಸರಿಯಾದ ವಾರದಲ್ಲಿ ಆಗಬೇಕು, ಹೆರಿಗೆ ಆದ ಮೇಲೂ ಮತ್ತೊಮ್ಮೆ ಆಗಬೇಕು. ಆ ಕೊನೆಯ ಟೆಸ್ಟನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ. ಇಲ್ಲಿರುವುದು ಎಲ್ಲರಿಗೂ ಅನ್ವಯಿಸುವ ಮಾಹಿತಿ. ನಿಮ್ಮ ಮಾತ್ರೆಯ ಡೋಸ್ ಎಷ್ಟು ಅನ್ನುವುದನ್ನು ನಿಮ್ಮನ್ನು ನೋಡುತ್ತಿರುವ ಡಾಕ್ಟರೇ ಹೇಳಬೇಕು.

ಥೈರಾಯ್ಡ್ ಇರುವುದು ಕುತ್ತಿಗೆಯಲ್ಲಿ, ಶುಗರ್ ರಕ್ತದಲ್ಲಿ. ಎರಡಕ್ಕೂ ಏನು ಸಂಬಂಧ?

ಇದೆ, ಆದರೆ ಜನ ಅಂದುಕೊಂಡಷ್ಟು ನೇರವಾಗಿಲ್ಲ. ಲಿವರ್ ಎಷ್ಟು ಗ್ಲೂಕೋಸನ್ನು ರಕ್ತಕ್ಕೆ ಬಿಡಬೇಕು, ಸ್ನಾಯುಗಳು ಎಷ್ಟನ್ನು ಬಳಸಬೇಕು ಅನ್ನುವುದರಲ್ಲಿ ಥೈರಾಯ್ಡ್ ಹಾರ್ಮೋನಿನ ಪಾತ್ರ ಇದೆ. ಅದು ಕಡಿಮೆಯಾದರೆ ಇನ್ಸುಲಿನ್ ಮಾತನ್ನು ಮೈ ಸರಿಯಾಗಿ ಕೇಳುವುದಿಲ್ಲ. ಬಸುರಿಯಲ್ಲಂತೂ ಮಾಸು, ಅಂದರೆ ಪ್ಲಾಸೆಂಟಾ, ಬಿಡುವ ಹಾರ್ಮೋನುಗಳು ಹೇಗೂ ಇನ್ಸುಲಿನ್‌ಗೆ ಅಡ್ಡ ಬರುತ್ತವೆ. ಮಗುವಿಗೆ ಗ್ಲೂಕೋಸ್ ಸಿಗಲಿ ಅಂತ ಪ್ರಕೃತಿಯೇ ಮಾಡಿದ ಏರ್ಪಾಡು ಅದು. ಆರನೇ ತಿಂಗಳ ಹೊತ್ತಿಗೆ ಇದು ಜೋರಾಗುತ್ತದೆ. ಆಗ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಮಾಡಿ ಸರಿದೂಗಿಸಬೇಕು. ಅದು ಆಗದಿದ್ದವರಿಗೆ ಶುಗರ್ ಏರುತ್ತದೆ.

ಟಿಎಸ್‌ಎಚ್ ಜಾಸ್ತಿ ಇರುವವರಲ್ಲಿ, ಅದರಲ್ಲೂ ಥೈರಾಯ್ಡ್ ಆ್ಯಂಟಿಬಾಡಿ (ಟಿಪಿಒ, ಅಂದರೆ ಮೈ ತನ್ನದೇ ಥೈರಾಯ್ಡಿನ ಮೇಲೆ ಎಬ್ಬಿಸುವ ಪ್ರತಿಕಾಯ) ಪಾಸಿಟಿವ್ ಇರುವವರಲ್ಲಿ, ಬಸುರಿತನದ ಶುಗರ್ ಸ್ವಲ್ಪ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ ಅಂತ ಹಲವು ಅಧ್ಯಯನಗಳು ತೋರಿಸಿವೆ. ಹಾಗಂತ ಥೈರಾಯ್ಡ್ ಇದ್ದವರಿಗೆಲ್ಲ ಶುಗರ್ ಬರುವುದಿಲ್ಲ. ಥೈರಾಯ್ಡ್ ಮಾತ್ರೆ ತಗೊಂಡರೆ ಶುಗರ್ ಬರುವುದು ತಪ್ಪುತ್ತದೆ ಅಂತಲೂ ಸಾಬೀತಾಗಿಲ್ಲ. ಮೈ ತೂಕ, ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ಏರುಪೇರು), ವಯಸ್ಸು, ಮನೆತನದಲ್ಲಿ ಕಾಯಿಲೆ ಇರುವುದು ಇವು ಎರಡರ ಹಿಂದೆಯೂ ಇರುತ್ತವೆ. ಹಾಗಾಗಿ ನೆನಪಿಡಬೇಕಾದ್ದು ಇಷ್ಟು: ಒಂದು ಟೆಸ್ಟ್ ನಾರ್ಮಲ್ ಬಂತು ಅಂತ ಇನ್ನೊಂದನ್ನು ಬಿಡುವ ಹಾಗಿಲ್ಲ.

ಎರಡು ಟೆಸ್ಟೂ ಎಲ್ಲರಿಗೂ ಬೇಕಾ?

ಶುಗರ್ ಟೆಸ್ಟ್ ಎಲ್ಲರಿಗೂ ಬೇಕು. ನಮ್ಮ ದೇಶದ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಮೊದಲ ಭೇಟಿಯಲ್ಲೇ ಒಮ್ಮೆ ಮಾಡಬೇಕು, ಅದು ನಾರ್ಮಲ್ ಇದ್ದರೆ 24ರಿಂದ 28 ವಾರದ ನಡುವೆ ಇನ್ನೊಮ್ಮೆ. ಮೂರನೇ ತಿಂಗಳಲ್ಲಿ ನಾರ್ಮಲ್ ಬಂದಿದ್ದು ಆರನೇ ತಿಂಗಳಲ್ಲೂ ಹಾಗೇ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಕಾರಣ ಮೇಲೆಯೇ ಹೇಳಿದೆ.

ಥೈರಾಯ್ಡ್ ವಿಷಯದಲ್ಲಿ ಡಾಕ್ಟರುಗಳಲ್ಲೇ ಎರಡು ಅಭಿಪ್ರಾಯ ಇದೆ. ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿ ಅಪಾಯ ಜಾಸ್ತಿ ಇರುವವರಿಗೆ ಮಾಡಿಸಿ ಅನ್ನುತ್ತದೆ. ಅಂದರೆ ತೂಕ ತುಂಬಾ ಜಾಸ್ತಿ ಇರುವವರು, ಮನೆಯಲ್ಲಿ ಥೈರಾಯ್ಡ್ ಇರುವವರು, ಹಿಂದೆ ಗರ್ಭಪಾತ ಆದವರು, ಗರ್ಭ ನಿಲ್ಲಲು ತಡವಾದವರು, ಟೈಪ್ 1 ಮಧುಮೇಹ ಇರುವವರು, ಗಳಗಂಡ ಇರುವವರು. ಈ ಪಟ್ಟಿ ಓದಿದರೆ ಊರಲ್ಲಿ ಅರ್ಧ ಜನ ಅದರೊಳಗೇ ಬರುತ್ತಾರೆ, ಅಲ್ವಾ? ಅದಕ್ಕೇ ಹೆಚ್ಚಿನ ಡಾಕ್ಟರುಗಳು ಎಲ್ಲರಿಗೂ ಬರೆದುಬಿಡುತ್ತಾರೆ, ನನಗೂ ಅದೇ ಸರಿ ಅನ್ನಿಸುತ್ತದೆ. ಮಗುವಿನ ಥೈರಾಯ್ಡ್ ಗ್ರಂಥಿ ಸುಮಾರು 12ನೇ ವಾರದ ತನಕ ಹಾರ್ಮೋನ್ ಮಾಡಲು ಶುರುಮಾಡುವುದಿಲ್ಲ, ಸಾಕಷ್ಟು ಮಾಡುವ ಹೊತ್ತಿಗೆ 18-20 ವಾರ ಆಗಿರುತ್ತದೆ. ಅಲ್ಲಿಯವರೆಗೆ ಅದರ ಮಿದುಳಿನ ಬೆಳವಣಿಗೆಗೆ ಬೇಕಾದ್ದು ಅಮ್ಮನಿಂದಲೇ ಹೋಗಬೇಕು. ಐದನೇ ತಿಂಗಳಿಗೆ ಟೆಸ್ಟ್ ಮಾಡಿಸಿದರೆ ಆ ಮುಖ್ಯವಾದ ಕಾಲ ಮುಗಿದೇ ಹೋಗಿರುತ್ತದೆ.

ನನ್ನ ಟಿಎಸ್‌ಎಚ್ 3.2 ಬಂದಿದೆ. ಒಬ್ಬ ಡಾಕ್ಟರ್ ಮಾತ್ರೆ ಕೊಟ್ಟರು, ಇನ್ನೊಬ್ಬರು ಬೇಡ ಅಂದರು. ಯಾರನ್ನು ನಂಬೋದು?

ಇಬ್ಬರೂ ತಪ್ಪು ಹೇಳಿಲ್ಲ. 2011ರಲ್ಲಿ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ಮೊದಲ ಮೂರು ತಿಂಗಳಲ್ಲಿ ಟಿಎಸ್‌ಎಚ್ 2.5ರ ಒಳಗಿರಬೇಕು ಅಂತ ಹೇಳಿತ್ತು. ಆಮೇಲೆ ಬೇರೆ ಬೇರೆ ದೇಶಗಳ ಆರೋಗ್ಯವಂತ ಬಸುರಿಯರ ಲೆಕ್ಕ ನೋಡಿದಾಗ ಈ ಗೆರೆ ತೀರಾ ಬಿಗಿಯಾಯಿತು ಅಂತ ಗೊತ್ತಾಯಿತು. 2017ರಲ್ಲಿ ಅದೇ ಸಂಸ್ಥೆ, ಆಯಾ ಜಾಗದ ಸ್ವಂತ ಮಿತಿ ಇಲ್ಲದಿದ್ದರೆ ಸುಮಾರು 4ರ ತನಕ ಒಪ್ಪಬಹುದು ಅಂತ ಬದಲಾಯಿಸಿತು. ನಮ್ಮಲ್ಲಿ ಇನ್ನೂ ಹಲವರು 2.5 ಅನ್ನೇ ಹಿಡಿದುಕೊಂಡಿದ್ದಾರೆ.

2.5ಕ್ಕೂ 4ಕ್ಕೂ ಮಧ್ಯೆ ಇರುವವರು ಕೇಳಬೇಕಾದ ಪ್ರಶ್ನೆ "ನನ್ನ ಟಿಪಿಒ ಆ್ಯಂಟಿಬಾಡಿ ಏನಿದೆ?" ಅನ್ನೋದು. ಅದು ಪಾಸಿಟಿವ್ ಇದ್ದರೆ, ಅಥವಾ ಹಿಂದೆ ಗರ್ಭಪಾತ ಆಗಿದ್ದರೆ, ಕಡಿಮೆ ಡೋಸ್ ಮಾತ್ರೆ ಕೊಡುವುದಕ್ಕೆ ಒಂದು ಅರ್ಥ ಇದೆ. ನೆಗೆಟಿವ್ ಇದ್ದರೆ ನಾಲ್ಕು ವಾರ ಬಿಟ್ಟು ಇನ್ನೊಮ್ಮೆ ನೋಡಿದರೂ ಸಾಕಾಗಬಹುದು. ಆದರೆ ಟಿಎಸ್‌ಎಚ್ 10ಕ್ಕಿಂತ ಜಾಸ್ತಿ ಇದ್ದರೆ, ಅಥವಾ ಅದು ಜಾಸ್ತಿಯಾಗಿ ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್) ಕಡಿಮೆ ಇದ್ದರೆ, ಚರ್ಚೆಯೇ ಇಲ್ಲ. ಅವತ್ತೇ ಮಾತ್ರೆ ಶುರುಮಾಡಬೇಕು.

ಇನ್ನೊಂದು ಮಾತು. ಲ್ಯಾಬ್ ರಿಪೋರ್ಟಿನ ಬಲಗಡೆ ಅಚ್ಚಾಗಿರುವ ನಾರ್ಮಲ್ ಮಿತಿ ಬಹಳ ಸಲ ಬಸುರಿಯಲ್ಲದವರದ್ದು. ಅದನ್ನು ನೋಡಿ ನೀವೇ ತೀರ್ಮಾನಕ್ಕೆ ಬರಬೇಡಿ. ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ತಗೋತಿದ್ದರೆ ಟೆಸ್ಟಿಗೆ ಎರಡು ಮೂರು ದಿನ ಮುಂಚೆ ನಿಲ್ಲಿಸಿ, ಅದು ಕೆಲವು ಲ್ಯಾಬುಗಳಲ್ಲಿ ಅಂಕಿಯನ್ನೇ ಕೆಡಿಸುತ್ತದೆ.

ಟಿಎಸ್‌ಎಚ್ 0.1ಕ್ಕಿಂತ ಕಡಿಮೆ ಬಂದಿದೆ, ವಾಂತಿಯೂ ಜಾಸ್ತಿ. ಏನಿದು?

ಬಸುರಿಯಲ್ಲಿ ಏರುವ ಎಚ್‌ಸಿಜಿ ಹಾರ್ಮೋನಿನ ರಚನೆ ಟಿಎಸ್‌ಎಚ್ ತರಹವೇ ಇರುವುದರಿಂದ ಅದೂ ಥೈರಾಯ್ಡನ್ನು ತಟ್ಟಿ ಎಬ್ಬಿಸುತ್ತದೆ, ಟಿಎಸ್‌ಎಚ್ ತಾನಾಗಿ ಇಳಿಯುತ್ತದೆ. ತುಂಬಾ ವಾಂತಿ ಇರುವವರಲ್ಲಿ, ಅವಳಿ ಇರುವವರಲ್ಲಿ ಇದು ಇನ್ನೂ ಜಾಸ್ತಿ. ಹೆಚ್ಚಿನವರಿಗೆ ನಾಲ್ಕೈದು ತಿಂಗಳ ಹೊತ್ತಿಗೆ ಸರಿಹೋಗುತ್ತದೆ. ಆದರೆ ಕೈ ನಡುಕ, ಎದೆ ಬಡಿತ ಜೋರು, ಕಣ್ಣು ಮುಂದೆ ಬಂದ ಹಾಗಿರುವುದು, ಕುತ್ತಿಗೆ ಊತ ಇದ್ದರೆ ಅದು ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆ ಇರಬಹುದು, ಅದಕ್ಕೆ ಬೇರೆ ಚಿಕಿತ್ಸೆ ಬೇಕು. ತಡ ಮಾಡದೆ ಥೈರಾಯ್ಡ್ ತಜ್ಞರಿಗೆ ತೋರಿಸಿ.

ಮದುವೆಗೆ ಮುಂಚಿನಿಂದಲೂ ಥೈರಾಯ್ಡ್ ಮಾತ್ರೆ ತಗೋತಿದ್ದೇನೆ. ಬಸುರಿ ಅಂತ ಗೊತ್ತಾದರೆ ನಿಲ್ಲಿಸಬೇಕಾ?

ದಯವಿಟ್ಟು ನಿಲ್ಲಿಸಬೇಡಿ. "ಮಗುವಿಗೆ ಮಾತ್ರೆ ಹೀಟ್ ಆಗುತ್ತೆ" ಅಂತ ಯಾರೋ ಹೇಳಿದರು ಅಂತ ನಿಲ್ಲಿಸುವವರು ಇದ್ದಾರೆ, ಅದು ನಿಜಕ್ಕೂ ಅಪಾಯ. ಲೆವೊಥೈರಾಕ್ಸಿನ್ ಅನ್ನುವುದು ನಿಮ್ಮ ಗ್ರಂಥಿ ಮಾಡಬೇಕಾದ ಹಾರ್ಮೋನೇ, ಹೊರಗಿನಿಂದ ಕೊಡುತ್ತಿದ್ದಾರೆ ಅಷ್ಟೇ.

ನಿಲ್ಲಿಸುವುದಿರಲಿ, ಬಸುರಿಯಾದಾಗ ಹೆಚ್ಚಿನವರಿಗೆ ಡೋಸ್ 25-30 ಶೇಕಡಾ ಏರಿಸಬೇಕಾಗುತ್ತದೆ. ದಿನಕ್ಕೊಂದು ಮಾತ್ರೆ ತಗೊಳ್ಳುವವರಿಗೆ ವಾರಕ್ಕೆ ಎರಡು ಮಾತ್ರೆ ಜಾಸ್ತಿ ಅನ್ನುವುದು ಡಾಕ್ಟರುಗಳು ಬಳಸುವ ಸುಲಭದ ಲೆಕ್ಕ. ಮುಟ್ಟು ನಿಂತು ಮನೆಯಲ್ಲಿ ಟೆಸ್ಟ್ ಪಾಸಿಟಿವ್ ಬಂದ ದಿನವೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಮೊದಲ ಸ್ಕ್ಯಾನಿನ ತನಕ ಕಾಯಬೇಡಿ. ಆಮೇಲೆ ಅರ್ಧ ಬಸುರಿಯ ತನಕ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್, 30ನೇ ವಾರದ ಹತ್ತಿರ ಮತ್ತೊಮ್ಮೆ.

ಮಾತ್ರೆ ದಿನಾ ತಗೊಂಡರೂ ಟಿಎಸ್‌ಎಚ್ ಇಳಿಯುತ್ತಿಲ್ಲ. ಯಾಕೆ?

ಡೋಸ್ ಸಾಲದೇ ಇರಬಹುದು. ಆದರೆ ಮೊದಲು ಮಾತ್ರೆ ತಗೊಳ್ಳುವ ಹೊತ್ತನ್ನು ನೋಡಿ. ಬಸುರಿಯಲ್ಲಿ ಕಬ್ಬಿಣಾಂಶ, ಕ್ಯಾಲ್ಸಿಯಂ, ಫೋಲಿಕ್ ಆಸಿಡ್ ಅಂತ ಮಾತ್ರೆಗಳ ರಾಶಿಯೇ ಇರುತ್ತದೆ. ಮರೆತುಹೋಗುತ್ತೆ ಅಂತ ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ನುಂಗಿಬಿಡುತ್ತಾರೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಎರಡೂ ಹೊಟ್ಟೆಯಲ್ಲೇ ಥೈರಾಯ್ಡ್ ಮಾತ್ರೆಯನ್ನು ಹಿಡಿದಿಟ್ಟುಕೊಳ್ಳುತ್ತವೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ. ನಾಲ್ಕು ಗಂಟೆ ಅಂತರ ಬೇಕು.

ಹೀಗೆ ಹೊಂದಿಸಿಕೊಳ್ಳಬಹುದು: ಎದ್ದ ಕೂಡಲೇ ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ತಿಂಡಿ, ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ, ಸಂಜೆ ಕಬ್ಬಿಣ, ರಾತ್ರಿ ಊಟಕ್ಕೆ ಇನ್ನೊಂದು ಕ್ಯಾಲ್ಸಿಯಂ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೂಡ ಒಂದಕ್ಕೊಂದು ಆಗಿಬರುವುದಿಲ್ಲ, ಅವನ್ನೂ ದೂರ ಇಡಿ. ಮಾತ್ರೆ ನುಂಗಿದ ಕೂಡಲೇ ಫಿಲ್ಟರ್ ಕಾಫಿ ಕುಡಿಯುವುದು, ಹಾಲು ಹಾಕಿದ ರಾಗಿ ಮಾಲ್ಟ್ ಕುಡಿಯುವುದು, ಎರಡೂ ಬೇಡ. ಬೆಳಗಿನ ವಾಂತಿಯಿಂದ ಮಾತ್ರೆ ನಿಲ್ಲುತ್ತಲೇ ಇಲ್ಲ ಅಂದರೆ ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ಮಲಗುವ ಮುಂಚೆ ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ಹಾಗೆ ಮಾಡುವುದಾದರೆ ರಾತ್ರಿಯ ಕ್ಯಾಲ್ಸಿಯಂನ ಹೊತ್ತೂ ಬದಲಾಗಬೇಕು.

ಗ್ಲೂಕೋಸ್ ನೀರಿನ ಟೆಸ್ಟ್ ಹೇಗೆ ಮಾಡುತ್ತಾರೆ? ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಎರಡು ವಿಧಾನ ಇವೆ, ಗೊಂದಲ ಇಲ್ಲೇ ಆಗುವುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡುವುದು ಡಿಪ್ಸಿ ವಿಧಾನ. ಊಟ ಮಾಡಿದ್ದರೂ ಸರಿ, ಬಿಟ್ಟಿದ್ದರೂ ಸರಿ, 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕದಡಿ 5-10 ನಿಮಿಷದಲ್ಲಿ ಕುಡಿಸುತ್ತಾರೆ, ಎರಡು ಗಂಟೆಗೆ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಬಸುರಿತನದ ಶುಗರ್. ಇದು ಬಂದಿದ್ದರ ಹಿಂದೆ ಚೆನ್ನೈನ ಡಾ. ವಿ. ಶೇಷಯ್ಯ ಅವರ ದುಡಿಮೆ ಇದೆ. ಹಳ್ಳಿಯಿಂದ ಬಸ್ಸು ಹಿಡಿದು ಬರುವ ಬಸುರಿಗೆ "ಉಪವಾಸ ಇದ್ದು ನಾಳೆ ಬಾ" ಅಂದರೆ ಅವಳು ಮತ್ತೆ ಬರುವುದು ಕಷ್ಟ, ಅದನ್ನು ಅರ್ಥಮಾಡಿಕೊಂಡು ರೂಪಿಸಿದ ವಿಧಾನ ಇದು. ಅವರ ಹುಟ್ಟುಹಬ್ಬ ಮಾರ್ಚ್ 10 ಅನ್ನು ದೇಶದಲ್ಲಿ ಬಸುರಿತನದ ಮಧುಮೇಹದ ಅರಿವಿನ ದಿನವಾಗಿ ಆಚರಿಸುತ್ತಾರೆ.

ಇನ್ನೊಂದು ವಿಧಾನದಲ್ಲಿ ರಾತ್ರಿಯಿಡೀ ಏನೂ ತಿನ್ನದೆ ಹೋಗಬೇಕು, ಮೂರು ಸಲ ರಕ್ತ ತೆಗೆಯುತ್ತಾರೆ. ಖಾಲಿ ಹೊಟ್ಟೆಯಲ್ಲಿ 92, ಒಂದು ಗಂಟೆಗೆ 180, ಎರಡು ಗಂಟೆಗೆ 153. ಯಾವುದಾದರೂ ಒಂದು ಈ ಗೆರೆ ಮುಟ್ಟಿದರೂ ಶುಗರ್ ಇದೆ ಅಂತಲೇ ಲೆಕ್ಕ. ಯಾವ ವಿಧಾನ ಅಂತ ಮುಂಚೆಯೇ ಕೇಳಿಕೊಳ್ಳಿ.

ಕುಡಿದು ಅರ್ಧ ಗಂಟೆಯೊಳಗೆ ವಾಂತಿಯಾದರೆ ಸುಮ್ನೆ ಮುಂದುವರಿಸಬೇಡಿ, ಹೇಳಿ, ಮರುದಿನ ಮತ್ತೆ ಮಾಡಬೇಕು. ಟೆಸ್ಟಿಗೆ ಮುಂಚೆ ಮೂರು ದಿನ ಅನ್ನ ಬಿಟ್ಟು "ಪಾಸಾಗುವುದು" ಬೇಡ. ಹಾಗೆ ಮಾಡಿದರೆ ಅಂಕಿಯೇ ತಪ್ಪಾಗಿ, ಕೆಲವೊಮ್ಮೆ ಜಾಸ್ತಿಯಾಗಿಯೇ, ಬರಬಹುದು.

ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್) 5.4 ಇದೆ, ಗ್ಲೂಕೋಸ್ ಟೆಸ್ಟ್ ಯಾಕೆ ಬೇಕು?

ಬಸುರಿಯಲ್ಲಿ ಕೆಂಪು ರಕ್ತಕಣಗಳು ಬೇಗ ಬೇಗ ಹೊಸದಾಗುತ್ತವೆ, ಜೊತೆಗೆ ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಜಾಸ್ತಿ, ಹಾಗಾಗಿ ಈ ಅಂಕಿಯನ್ನು ನಂಬಿ ಕೂರುವ ಹಾಗಿಲ್ಲ. ಮೊದಲ ತಿಂಗಳುಗಳಲ್ಲಿ 6.5 ಅಥವಾ ಜಾಸ್ತಿ ಬಂದರೆ ಬಸುರಿಗೆ ಮುಂಚೆಯೇ ಮಧುಮೇಹ ಇತ್ತು ಅನ್ನುವುದಕ್ಕೆ ಅದು ಉಪಯೋಗಕ್ಕೆ ಬರುತ್ತದೆ.

ನಾನು ತೆಳ್ಳಗಿದ್ದೇನೆ, ಸಿಹಿ ತಿನ್ನುವುದೇ ಇಲ್ಲ. ನನಗೇಕೆ ಬಂತು?

ತೂಕ ಒಂದೇ ಕಾರಣ ಅಲ್ಲ. ದಕ್ಷಿಣ ಏಷ್ಯಾದವರಿಗೆ ತೆಳ್ಳಗಿದ್ದರೂ ಮಧುಮೇಹದ ಅಪಾಯ ಜಾಸ್ತಿ. ಲಂಡನ್ನಿನಲ್ಲೋ ಅಮೆರಿಕದಲ್ಲೋ ಇರುವ ಕನ್ನಡದ ಹುಡುಗಿಯರನ್ನೂ ಅಲ್ಲಿನ ಡಾಕ್ಟರುಗಳು ಈ ಕಾರಣಕ್ಕೇ ಹೆಚ್ಚು ಅಪಾಯದ ಗುಂಪಿಗೆ ಸೇರಿಸುತ್ತಾರೆ. ನೀವು ಏನೋ ತಿಂದಿದ್ದಕ್ಕೆ ಬಂದ ಶಿಕ್ಷೆ ಅಲ್ಲ ಇದು. ಮನೆಯಲ್ಲಿ "ನಮ್ಮ ಕಡೆ ಯಾರಿಗೂ ಇಲ್ಲ, ನಿಮ್ಮ ಕಡೆಯಿಂದಲೇ ಬಂದಿದ್ದು" ಅನ್ನುವ ಮಾತು ಬಂದರೆ ಗಂಡನಾದವನು ಅದನ್ನು ಅಲ್ಲೇ ನಿಲ್ಲಿಸಬೇಕು. ಆ ಮಾತಿನಿಂದ ಶುಗರ್ ಇಳಿಯುವುದಿಲ್ಲ, ಅವಳು ಮನೆಯವರ ಮುಂದೆ ಟೆಸ್ಟ್ ಮಾಡಿಕೊಳ್ಳುವುದನ್ನೇ ಬಿಡುತ್ತಾಳೆ.

ಅನ್ನ ಬಿಟ್ಟು ಮುದ್ದೆ ತಿಂದರೆ ಸಾಕಾ? ಏನು ತಿನ್ನಬಹುದು?

ಮುದ್ದೆ ಒಳ್ಳೆಯದೇ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲೂ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ನಾರು, ಕ್ಯಾಲ್ಸಿಯಂ ಜಾಸ್ತಿ ಅನ್ನುವುದು ಅದರ ಹೆಚ್ಚುಗಾರಿಕೆ. ಎರಡು ದೊಡ್ಡ ಮುದ್ದೆ ತಿಂದು ಮೇಲೆ ಅನ್ನವನ್ನೂ ಹಾಕಿಕೊಂಡರೆ ಶುಗರ್ ಏರಿಯೇ ಏರುತ್ತದೆ. ರಾಗಿ ಗಂಜಿಯಂತೂ ಮುದ್ದೆಗಿಂತ ಬೇಗ ಏರಿಸುತ್ತದೆ, ನುಣ್ಣಗೆ ಬೆಂದು ನೀರಾಗಿರುವುದು ಬೇಗ ಜೀರ್ಣವಾಗುತ್ತದಲ್ಲ.

ಮುಖ್ಯವಾದದ್ದು ಅಳತೆ ಮತ್ತು ಜೊತೆ. ಚಿಕ್ಕ ಮುದ್ದೆಗೆ ತುಂಬಾ ಬಸ್ಸಾರು, ಅದರ ಪಲ್ಯ, ಹುರುಳಿಕಾಳೋ ಹೆಸರುಕಾಳೋ ಇರಲಿ. ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿಯ ಜೊತೆ ಮಡಿಕೆಕಾಳು, ಪುಂಡಿಪಲ್ಯ, ಕರಾವಳಿಯವರಿಗೆ ಅರ್ಧ ಅಳತೆ ಕುಚ್ಚಲಕ್ಕಿ ಅನ್ನದ ಜೊತೆ ಮೀನೋ ಕಾಳಿನ ಗಸಿಯೋ. ಮೊದಲು ತರಕಾರಿ, ಕಾಳು, ಮೊಟ್ಟೆ ತಿಂದು ಕೊನೆಗೆ ಅನ್ನ ತಿಂದರೆ ಅದೇ ಊಟಕ್ಕೂ ಶುಗರ್ ಕಡಿಮೆ ಏರುತ್ತದೆ. ಬೆಳಗಿನ ತಿಂಡಿಯ ಹೊತ್ತಿಗೆ ಇನ್ಸುಲಿನ್‌ಗೆ ಅಡ್ಡಿ ಜಾಸ್ತಿ, ಹಾಗಾಗಿ ನಾಲ್ಕು ಇಡ್ಲಿ, ನೀರುದೋಸೆ, ಚಿತ್ರಾನ್ನ ಇವೇ ಹೆಚ್ಚಾಗಿ ತೊಂದರೆ ಕೊಡುವುದು. ಎರಡು ಇಡ್ಲಿಗೆ ಒಂದು ಬಟ್ಟಲು ಗಟ್ಟಿ ಸಾಂಬಾರು, ಒಂದು ಮೊಟ್ಟೆ ಅಥವಾ ಹೆಸರುಕಾಳಿನ ಉಸಲಿ ಸೇರಿಸಿ ನೋಡಿ. ಮೂರು ಊಟ, ಮಧ್ಯೆ ಮೂರು ಸಲ ಸ್ವಲ್ಪ ಸ್ವಲ್ಪ: ಮಜ್ಜಿಗೆ, ಒಂದು ಹಿಡಿ ಶೇಂಗಾ, ಸೀಬೆಹಣ್ಣು. ಪ್ರತಿ ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ, ಡಾಕ್ಟರ್ ಬೇಡ ಅಂದಿರದಿದ್ದರೆ.

ಬೆಲ್ಲ, ಜೇನುತುಪ್ಪ "ನ್ಯಾಚುರಲ್" ಅಂತ ವಿನಾಯಿತಿ ಇಲ್ಲ, ಸಕ್ಕರೆಯಷ್ಟೇ ಏರಿಸುತ್ತವೆ. ಹಣ್ಣನ್ನು ಹಣ್ಣಾಗಿಯೇ ತಿನ್ನಿ, ಜ್ಯೂಸ್ ಬೇಡ. ಸೀಮಂತದ ದಿನ ಬಂದವರೆಲ್ಲ ಒಂದೊಂದು ತುತ್ತು ಸಿಹಿ ಬಾಯಿಗಿಡುತ್ತಾರೆ, ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಅಮ್ಮನೋ ಅತ್ತೆಯೋ ಮುಂಚೆಯೇ ನಾಲ್ಕು ಜನಕ್ಕೆ ಹೇಳಿಟ್ಟರೆ ಬಳೆ, ಹೂವು, ಆರತಿಯಲ್ಲೇ ಚಂದವಾಗಿ ಮುಗಿಯುತ್ತದೆ. ಮತ್ತೆ, ಭಯಕ್ಕೆ ಊಟವನ್ನೇ ಬಿಡಬೇಡಿ. ಉಪವಾಸ ಬಿದ್ದರೆ ಮೈ ಕೊಬ್ಬನ್ನು ಕರಗಿಸಲು ಹೋಗಿ ಕೀಟೋನ್ ಜಾಸ್ತಿಯಾಗುತ್ತದೆ, ಅದು ಮಗುವಿಗೆ ಒಳ್ಳೆಯದಲ್ಲ.

ಥೈರಾಯ್ಡ್ ಇದ್ದರೆ ಎಲೆಕೋಸು, ಹೂಕೋಸು ಬಿಡಬೇಕಾ? ಯಾವ ಉಪ್ಪು ಬಳಸಬೇಕು?

ಬೇಯಿಸಿದ ಕೋಸನ್ನು ಎಲ್ಲರ ಹಾಗೆ ತಿನ್ನಿ. ಸೋಯಾವನ್ನು ಮಾತ್ರೆಯ ಹೊತ್ತಿಗೆ ತಿನ್ನದಿದ್ದರೆ ಸಾಕು.

ಉಪ್ಪಿನ ವಿಷಯ ಹೆಚ್ಚು ಮುಖ್ಯ. ಬಸುರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಮಲೆನಾಡು, ಕೊಡಗಿನ ಕಡೆ ಹಿಂದೆ ಗಳಗಂಡ ಸಾಕಷ್ಟು ಕಾಣುತ್ತಿತ್ತು, ಅಯೋಡಿನ್ ಉಪ್ಪು ಮನೆಮನೆಗೆ ಬಂದ ಮೇಲೆ ಕಡಿಮೆಯಾಯಿತು. ಈಗ ಆರೋಗ್ಯದ ಹೆಸರಿನಲ್ಲಿ ಗುಲಾಬಿ ಬಣ್ಣದ ಸೈಂಧವ ಲವಣಕ್ಕೆ ಬದಲಾಗುತ್ತಿದ್ದಾರೆ, ಸಾಮಾನ್ಯವಾಗಿ ಅದರಲ್ಲಿ ಅಯೋಡಿನ್ ಸೇರಿಸಿರುವುದಿಲ್ಲ. ಬಸುರಿಯಲ್ಲಂತೂ ಈ ಪ್ರಯೋಗ ಬೇಡ. ಪೊಟ್ಟಣದ ಮೇಲೆ ಅಯೋಡಿನ್ ಇದೆ ಅಂತ ನೋಡಿ ತನ್ನಿ, ಮುಚ್ಚಿದ ಡಬ್ಬಿಯಲ್ಲಿಡಿ. ಹಾಗಂತ ಉಪ್ಪು ಜಾಸ್ತಿ ತಿನ್ನಬೇಕಿಲ್ಲ, ಹಾಲು, ಮೊಟ್ಟೆ, ಸಮುದ್ರದ ಮೀನಿನಲ್ಲೂ ಅಯೋಡಿನ್ ಸಿಗುತ್ತದೆ.

ಇನ್ಸುಲಿನ್ ಶುರುಮಾಡಿದರೆ ಜೀವನವಿಡೀ ಚುಚ್ಚಿಕೊಳ್ಳಬೇಕಾ?

ಇಲ್ಲ. ಬಸುರಿಯಲ್ಲೇ ಬಂದ ಶುಗರ್ ಆಗಿದ್ದರೆ ಮಾಸು ಹೊರಬಂದ ಮೇಲೆ ಹೆಚ್ಚಿನವರಿಗೆ ಇನ್ಸುಲಿನ್ ಬೇಕಾಗುವುದೇ ಇಲ್ಲ. ಮೊದಲು ಎರಡು ವಾರ ಊಟ, ನಡಿಗೆಯಲ್ಲಿ ನೋಡುತ್ತಾರೆ. ಗುರಿ ಏನೆಂದರೆ ಖಾಲಿ ಹೊಟ್ಟೆಯಲ್ಲಿ 95ರ ಒಳಗೆ, ಊಟವಾಗಿ ಒಂದು ಗಂಟೆಗೆ 140ರ ಒಳಗೆ, ಎರಡು ಗಂಟೆಗೆ 120ರ ಒಳಗೆ. ಅದು ಆಗದಿದ್ದರೆ ಮೆಟ್‌ಫಾರ್ಮಿನ್ ಅಥವಾ ಇನ್ಸುಲಿನ್. ಇನ್ಸುಲಿನ್ ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ, ಮೆಟ್‌ಫಾರ್ಮಿನ್ ಹೋಗುತ್ತದೆ, ಎರಡನ್ನೂ ಬಳಸುತ್ತಾರೆ. ಇನ್ಸುಲಿನ್ ತಗೊಳ್ಳುವವರು ಬೆವರು, ನಡುಕ, ತಲೆ ಸುತ್ತು ಬಂದರೆ ಕೂಡಲೇ ಶುಗರ್ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಿರಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ.

ಮಗುವಿಗೆ ಏನಾಗಬಹುದು?

ಶುಗರ್ ಹಿಡಿತದಲ್ಲಿಲ್ಲದಿದ್ದರೆ ಮಗು ತೀರಾ ದಪ್ಪ ಬೆಳೆದು ಹೆರಿಗೆ ಕಷ್ಟವಾಗಬಹುದು. ಹುಟ್ಟಿದ ಕೂಡಲೇ ಮಗುವಿನ ಶುಗರ್ ಇಳಿದುಬಿಡಬಹುದು. ಅದಕ್ಕೇ ಹಿಮ್ಮಡಿ ಚುಚ್ಚಿ ನೋಡುತ್ತಾರೆ, ಗಾಬರಿ ಬೇಡ. ಮೊದಲ ಒಂದು ಗಂಟೆಯೊಳಗೆ ಎದೆಹಾಲು ಕೊಡಿ. ಗಮನಕ್ಕೆ ಬಾರದ ತೀವ್ರ ಥೈರಾಯ್ಡ್ ಕೊರತೆಯಿಂದ ಗರ್ಭಪಾತ, ಅವಧಿಗೆ ಮುಂಚೆ ಹೆರಿಗೆ, ಮಗುವಿನ ಬುದ್ಧಿ ಬೆಳವಣಿಗೆಗೆ ತೊಂದರೆ ಆಗಬಹುದು. ಸರಿಯಾಗಿ ಮಾತ್ರೆ ತಗೊಂಡವರು ಈ ಭಯ ಇಟ್ಟುಕೊಳ್ಳಬೇಕಾಗಿಲ್ಲ. ಅಮ್ಮನಿಗೆ ಥೈರಾಯ್ಡ್ ಇರಲಿ ಬಿಡಲಿ, ಹುಟ್ಟಿದ ಮಗುವಿಗೆ ಥೈರಾಯ್ಡ್ ಟೆಸ್ಟ್ ಮಾಡಿದ್ದಾರಾ ಅಂತ ಡಿಸ್ಚಾರ್ಜ್ ಆಗುವ ಮುಂಚೆ ಕೇಳಿ.

ಹೆರಿಗೆ ಆಯಿತು, ಶುಗರ್ ನಾರ್ಮಲ್ ಆಯಿತು. ಇನ್ನೇನು ಟೆಸ್ಟ್?

ಎಲ್ಲಕ್ಕಿಂತ ಜೋರಾಗಿ ಹೇಳಬೇಕಾದ್ದು ಇದನ್ನೇ. ಬಸುರಿಯಲ್ಲಿ ಶುಗರ್ ಬಂದವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ, ಬಾರದವರಿಗಿಂತ ಏಳು ಪಟ್ಟು ಅಥವಾ ಅದಕ್ಕಿಂತಲೂ ಜಾಸ್ತಿ. ಹೆರಿಗೆಯಾಗಿ ಆರು ವಾರಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಿ 75 ಗ್ರಾಂ ಗ್ಲೂಕೋಸ್ ಟೆಸ್ಟ್ ಮತ್ತೆ ಮಾಡಿಸಬೇಕು. ಖಾಲಿ ಹೊಟ್ಟೆಯಲ್ಲಿ 126 ಅಥವಾ ಎರಡು ಗಂಟೆಗೆ 200 ಮುಟ್ಟಿದರೆ ಮಧುಮೇಹ ಉಳಿದುಕೊಂಡಿದೆ ಅಂತ. ನಾರ್ಮಲ್ ಇದ್ದರೂ ಆಮೇಲೆ ವರ್ಷಕ್ಕೊಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು.

ಬಾಣಂತಿ ಹೊರಗೆ ಹೋಗಬಾರದು ಅಂತ ಇದನ್ನು ಮುಂದೂಡುತ್ತಾರೆ. ಆದರೆ ಮಗುವಿಗೆ ಆರು ವಾರದ ಲಸಿಕೆ ಹಾಕಿಸಲು ಹೇಗೂ ಹೋಗಲೇಬೇಕಲ್ಲ, ಅದೇ ದಿನ ಅಮ್ಮನ ಶುಗರ್, ಟಿಎಸ್‌ಎಚ್ ಎರಡೂ ಮುಗಿಸಿಬಿಡಿ. ಥೈರಾಯ್ಡ್ ಮಾತ್ರೆಯನ್ನು ಹೆರಿಗೆಯಾದ ಮೇಲೆ ಹಳೆಯ ಡೋಸಿಗೆ ಇಳಿಸುತ್ತಾರೆ, ಬಸುರಿಯಲ್ಲೇ ಶುರುವಾಗಿದ್ದರೆ ಕೆಲವರಿಗೆ ನಿಲ್ಲಿಸುತ್ತಾರೆ, ಅದು ಸರಿಹೋಯಿತಾ ಅಂತ ಗೊತ್ತಾಗುವುದು ಈ ಟೆಸ್ಟಿನಲ್ಲೇ. ಎದೆಹಾಲು ಕೊಡುವಾಗ ಲೆವೊಥೈರಾಕ್ಸಿನ್ ತಗೊಳ್ಳಬಹುದು. ಟಿಪಿಒ ಪಾಸಿಟಿವ್ ಇದ್ದವರಿಗೆ ಹೆರಿಗೆಯ ನಂತರದ ಒಂದು ವರ್ಷದೊಳಗೆ ಥೈರಾಯ್ಡ್ ಏರಿ ಇಳಿಯುವುದುಂಟು. ವಿಪರೀತ ಸುಸ್ತು, ಕೂದಲು ಉದುರುವುದು, ಕಾರಣ ಇಲ್ಲದೆ ಅಳು ಬರುವುದು, ಇವನ್ನೆಲ್ಲ "ಬಾಣಂತಿಗೆ ಹಾಗೇ ಆಗುತ್ತೆ" ಅಂತ ತಳ್ಳಿಹಾಕಬೇಡಿ. ಒಂದು ಟಿಎಸ್‌ಎಚ್ ನೋಡಿ, ಅವಳ ಮನಸ್ಸು ಹೇಗಿದೆ ಅಂತಲೂ ಕೇಳಿ.

ಅಂಟಿನುಂಡೆ, ತುಪ್ಪ ತುಂಬಿದ ಬಾಣಂತನದ ಊಟ? ಶುಗರ್ ಬಂದಿದ್ದವರು ಬೆಲ್ಲ ಕಡಿಮೆ ಮಾಡಿ, ಬೀಜಗಳನ್ನು ಉಳಿಸಿಕೊಂಡು, ಚಿಕ್ಕದಾಗಿ ಕಟ್ಟಿ ದಿನಕ್ಕೊಂದು ತಿಂದರೆ ಸಾಕು. ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ, ಕಾಳು ಧಾರಾಳವಾಗಿರಲಿ.

ಎರಡನೇ ಮಗು ಬೇಕು. ಏನು ತಯಾರಿ?

ಪ್ರಯತ್ನ ಶುರುಮಾಡುವ ಎರಡು ಮೂರು ತಿಂಗಳು ಮುಂಚೆ ಶುಗರ್ ಮತ್ತು ಟಿಎಸ್‌ಎಚ್ ನೋಡಿಸಿ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಟಿಎಸ್‌ಎಚ್ 2.5ರ ಒಳಗೆ ಬಂದ ಮೇಲೆ ಮುಂದುವರಿಯುವುದು ಒಳ್ಳೆಯದು. ಫೋಲಿಕ್ ಆಸಿಡ್ ಆಗಲೇ ಶುರುಮಾಡಿ, ಮೊದಲ ಹೆರಿಗೆಯಲ್ಲಿ ಏರಿದ ತೂಕದಲ್ಲಿ ಆದಷ್ಟು ಇಳಿಸಿ. ಬಸುರಿ ಅಂತ ಗೊತ್ತಾದ ವಾರವೇ ಡಾಕ್ಟರಿಗೆ "ಹೋದ ಸಲ ಶುಗರ್ ಬಂದಿತ್ತು, ಥೈರಾಯ್ಡ್ ಮಾತ್ರೆ ಇತ್ತು" ಅಂತ ನೀವಾಗಿಯೇ ಹೇಳಿ, ಹಳೆಯ ತಾಯಿ ಕಾರ್ಡ್, ರಿಪೋರ್ಟುಗಳನ್ನು ಜೊತೆಗೆ ಒಯ್ಯಿರಿ.